ಆಮ್ಲದ ತೊಟ್ಟಿಯಲ್ಲಿ ತವುಡು: ಉಕ್ಕನ್ನು ಕಾಯುವ ಸಾವಯವ ನಿರೋಧಕಗಳ ಚರಿತ್ರೆ

ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನು ಒಮ್ಮೆಲೇ ತವರಕ್ಕೆ ಕೈಯಿಕ್ಕುವುದಿಲ್ಲ. ಮೊದಲು ಪಾತ್ರೆಯನ್ನು ಹುಣಸೆಯ ಹುಳಿಯಿಂದಲೂ ಮರಳಿನಿಂದಲೂ ತಿಕ್ಕಿ ಬೆಳಗುತ್ತಾನೆ. ಬೆಂಕಿಯ ಮೇಲಿಟ್ಟು ಕಾಯಿಸುತ್ತಾನೆ. ನವಸಾಗರದ ಪುಡಿಯನ್ನೆರಚಿ ಅರಿವೆಯಿಂದ ಒರೆಸುತ್ತಾನೆ. ಲೋಹದ ಮೈ ಶುದ್ಧವಾಗದ ಎಡೆಯಲ್ಲಿ ತವರ ಹಿಡಿಯುವುದಿಲ್ಲವೆಂಬುದು ಅವನ ವೃತ್ತಿಯ ಮೊದಲ ಪಾಠ. ಈ ಪಾಠವನ್ನೇ ಬೃಹತ್ಪ್ರಮಾಣದಲ್ಲಿ ಅನುಷ್ಠಾನಕ್ಕೆ ತಂದ ಉದ್ಯಮವೆಂದರೆ ತವರದ ತಗಡಿನ ಉದ್ಯಮ. ಒಂದು ಕಾಲಕ್ಕೆ ಭಾರತದ ಮನೆಮನೆಗಳಲ್ಲಿಯೂ ಇದ್ದ ಸೀಮೆಎಣ್ಣೆಯ ಡಬ್ಬವು ಇಂಥ ತಗಡಿನಿಂದ ಆದದ್ದು. ಎಣ್ಣೆ ತೀರಿದ ಮೇಲೂ ಅದು ನೀರು ಹೊರಲು, ಹಿಟ್ಟು ತುಂಬಲು, ಕಡೆಗೆ ಬಿಡಿಸಿ ಮಾಡಿಗೆ ಹೊದಿಸಲು ಉಪಯೋಗಕ್ಕೆ ಬರುತ್ತಿತ್ತು. ಆ ಡಬ್ಬಗಳ ತಗಡನ್ನು ಈ ದೇಶದಲ್ಲಿಯೇ ತಯಾರಿಸುವ ಉದ್ದೇಶದಿಂದ ಬರ್ಮಾ ಎಣ್ಣೆ ಕಂಪನಿಯೂ ಟಾಟಾ ಸಂಸ್ಥೆಯೂ ಸೇರಿ 1920ರಲ್ಲಿ ಸ್ಥಾಪಿಸಿದ ಕಾರ್ಖಾನೆಯು ಜಮ್‌ಶೆಡ್‌ಪುರದ ಬಳಿಯ ಗೋಲ್ಮುರಿಯಲ್ಲಿ 1922ರ ಕೊನೆಯ ಹೊತ್ತಿಗೆ ಕೆಲಸಕ್ಕೆ ತೊಡಗಿತು. ಅಲ್ಲಿಗೆ ವೇಲ್ಸ್ ಪ್ರಾಂತದಿಂದ ನುರಿತ ಕೆಲಸಗಾರರನ್ನು ಕರೆತರಲಾಯಿತು. ಅವರು ತಂದ ಕುಶಲತೆಗಳಲ್ಲಿ ಒಂದು, ಉಕ್ಕಿನ ಹಾಳೆಯನ್ನು ಆಮ್ಲದ ತೊಟ್ಟಿಯಲ್ಲಿ ಅದ್ದಿ ಶುದ್ಧಗೊಳಿಸುವ ಕೆಲಸ. ಇಂಗ್ಲಿಷರು ಇದಕ್ಕೆ ಪಿಕ್ಲಿಂಗ್ ಎನ್ನುತ್ತಾರೆ. ಉಪ್ಪಿನಕಾಯಿಗೂ ಅವರ ಮಾತು ಅದೇ. ಆದರೆ ಉಪ್ಪಿನಕಾಯಿಯ ಜಾಡಿಯಲ್ಲಿ ಹುಳಿಯು ಕಾಯನ್ನು ಉಳಿಸುತ್ತದೆ. ಈ ತೊಟ್ಟಿಯಲ್ಲಿ ಅದು ಉಕ್ಕನ್ನು ತಿನ್ನುತ್ತದೆ.

ತಿನ್ನುವ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಕೆಂಪಗೆ ಕಾದ ಉಕ್ಕನ್ನು ಉರುಳೆಗಳ ನಡುವೆ ಹಾಯಿಸಿದಾಗ ಗಾಳಿಯ ಆಮ್ಲಜನಕದಿಂದ ಅದರ ಮೈಮೇಲೆ ಕಪ್ಪಾದ ಹಕ್ಕಳೆಯೊಂದು ಕಟ್ಟುತ್ತದೆ. ಇದು ಕಬ್ಬಿಣದ ಮೂರು ಬಗೆಯ ಆಕ್ಸೈಡುಗಳ ಪದರ. ಹೊರಗಿನ ಪದರಗಳು ಆಮ್ಲಕ್ಕೆ ಸುಲಭವಾಗಿ ಕರಗುವಂಥವಲ್ಲ, ಒಳಗಿನದು ಕರಗುತ್ತದೆ. ಆಮ್ಲವು ಬಿರುಕುಗಳ ಮೂಲಕ ಒಳಹೊಕ್ಕು ಒಳಪದರವನ್ನು ಕರಗಿಸಿ, ಅಡಿಯ ಲೋಹವನ್ನೂ ಮುಟ್ಟುತ್ತದೆ. ಅಲ್ಲಿ ಹುಟ್ಟಿದ ಜಲಜನಕವು ಹಕ್ಕಳೆಯನ್ನು ಒಳಗಿನಿಂದ ತಳ್ಳಿ ಎಬ್ಬಿಸುತ್ತದೆ. ಇಲ್ಲಿಯವರೆಗೆ ಲಾಭವೇ. ಆದರೆ ಹಕ್ಕಳೆ ಉದುರಿದ ಭಾಗದಲ್ಲಿ ಬತ್ತಲೆಯಾದ ಉಕ್ಕು ಆಮ್ಲದಲ್ಲಿ ನಿಂತಿರುತ್ತದೆ. ಉಳಿದ ಭಾಗದ ಹಕ್ಕಳೆ ಉದುರುವವರೆಗೂ ಅದು ಕರಗುತ್ತಲೇ ಇರಬೇಕು. ಹೀಗೆ ವ್ಯರ್ಥವಾಗಿ ಕರಗುವ ಪ್ರತಿಯೊಂದು ಕಿಲೋಗ್ರಾಂ ಕಬ್ಬಿಣಕ್ಕೂ ಸುಮಾರು 1.75 ಕಿಲೋಗ್ರಾಂ ಗಂಧಕಾಮ್ಲ ಖರ್ಚಾಗುತ್ತದೆ, ಸುಮಾರು 400 ಲೀಟರು ಜಲಜನಕ ಹೊರಬರುತ್ತದೆ. ಗುಳ್ಳೆಗಳು ಒಡೆದಾಗ ಸಿಡಿಯುವ ಸೂಕ್ಷ್ಮ ಹನಿಗಳು ಆಮ್ಲದ ಮಂಜಾಗಿ ತೊಟ್ಟಿಯ ಮೇಲೆ ಕವಿಯುತ್ತವೆ. ಈ ಮಂಜನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರ ಮುಂಬಲ್ಲುಗಳು ಸವೆದುಹೋಗುವುದು ವೃತ್ತಿರೋಗಗಳ ವೈದ್ಯರು ಬಹುಕಾಲದಿಂದ ಬಲ್ಲ ಸಂಗತಿ. ಉಕ್ಕಿನ ರಕ್ಷಣೆಯ ಪ್ರಶ್ನೆ ಬರಿಯ ಲೋಹದ ಲೆಕ್ಕದ ಪ್ರಶ್ನೆಯಲ್ಲವೆಂಬುದನ್ನು ಮುಂದಿನ ಕಥನದಲ್ಲಿ ಮರೆಯಬಾರದು.

ತವರದ ತಗಡಿನ ಕಲೆ ಮೊದಲು ಬೆಳೆದದ್ದು ಬೊಹೀಮಿಯ ಮತ್ತು ಸ್ಯಾಕ್ಸನಿಗಳಲ್ಲಿ. ಅದರ ಗುಟ್ಟನ್ನರಿಯಲೆಂದು ಆಂಡ್ರೂ ಯಾರಂಟನ್ ಎಂಬ ಇಂಗ್ಲಿಷ್ ಗೃಹಸ್ಥನು 1667ರಲ್ಲಿ ಸ್ಯಾಕ್ಸನಿಗೆ ಹೋಗಿಬಂದನು. ಫ್ರಾನ್ಸಿನ ಮಹಾವಿದ್ವಾಂಸ ರೇಮ್ಯೂರನು ಅದೇ ಗುಟ್ಟನ್ನು ಭೇದಿಸಿ 1725ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಆ ಕಾಲದ ಕುಶಲಿಗಳಿಗೆ ಖನಿಜಾಮ್ಲಗಳು ಅಗ್ಗವಾಗಿ ದೊರೆಯುತ್ತಿರಲಿಲ್ಲ. ರೈ ಧಾನ್ಯದ ನುಚ್ಚನ್ನು ನೀರಿನಲ್ಲಿ ಕಲಸಿ, ಕಾವು ಕೊಟ್ಟ ನೆಲಮಾಳಿಗೆಗಳಲ್ಲಿ ಹುಳಿಯೇರಿಸಿ, ಆ ಹುಳಿನೀರಿನಲ್ಲಿ ಅವರು ಹಾಳೆಗಳನ್ನು ನೆನೆಯಿಡುತ್ತಿದ್ದರು. ದೋಸೆಯ ಹಿಟ್ಟು ಹುಳಿಯುವುದನ್ನು ಕಂಡ ಯಾರಿಗೂ ಈ ವಿಧಾನ ಅಪರಿಚಿತವೆನಿಸದು. ಕೆಲಸ ನಿಧಾನವಾಗಿ ಸಾಗುತ್ತಿತ್ತು. ಆದರೆ ಅಂಥ ನೀರಿನಲ್ಲಿ ಹುಳಿಯ ಜೊತೆಗೆ ಧಾನ್ಯದ ಪ್ರೋಟೀನು, ಪಿಷ್ಟ, ಅಂಟುಗಳೂ ಇದ್ದವು. ಆಮ್ಲವೂ ಅದಕ್ಕೆ ಕಡಿವಾಣವೂ ಒಂದೇ ಪಾತ್ರೆಯಲ್ಲಿದ್ದವೆಂದು ಇಂದಿನ ತಿಳಿವಳಿಕೆಯ ಬೆಳಕಿನಲ್ಲಿ ಹೇಳಬಹುದು.

1746ರಲ್ಲಿ ಜಾನ್ ರೋಬಕ್ ಎಂಬಾತನು ಬರ್ಮಿಂಗ್‌ಹ್ಯಾಮಿನಲ್ಲಿ ಸೀಸದ ಕೋಣೆಗಳಲ್ಲಿ ಗಂಧಕಾಮ್ಲವನ್ನು ತಯಾರಿಸುವ ಕ್ರಮವನ್ನು ಆರಂಭಿಸಿದ ತರುವಾಯ ಆ ಆಮ್ಲದ ಬೆಲೆ ಇಳಿಯಿತು. ಕ್ರಮಕ್ರಮವಾಗಿ ಧಾನ್ಯದ ಹುಳಿನೀರಿನ ಸ್ಥಾನವನ್ನು ಗಂಧಕಾಮ್ಲ ಆಕ್ರಮಿಸಿತು. ದಿನಗಳ ಕೆಲಸ ನಿಮಿಷಗಳಲ್ಲಿ ಮುಗಿಯತೊಡಗಿತು. ಆದರೆ ಕಡಿವಾಣವಿಲ್ಲದ ಕುದುರೆ ಬಂದಂತಾಯಿತು. ಹಾಳೆಗಳು ಸವೆದು ಒರಟಾಗುವುದು, ತಂತಿಗಳು ಮುರಿಯುವುದು, ಆಮ್ಲ ಬೇಗ ಬರಿದಾಗುವುದು ದಿನದಿನದ ದೂರುಗಳಾದವು. ಆಗ ಕಾರ್ಖಾನೆಗಳಲ್ಲಿ ಹುಟ್ಟಿದ ಉಪಾಯವೆಂದರೆ ತೊಟ್ಟಿಗೆ ಒಂದಿಷ್ಟು ತವುಡು, ಇಲ್ಲವೆ ಸರೇಸು, ಹಿಟ್ಟು, ಕಾಕಂಬಿ ಮುಂತಾದುವನ್ನು ಹಾಕುವುದು. ಹಾಗೆ ಮಾಡಿದರೆ ಗುಳ್ಳೆ ಕಡಮೆಯಾಗುತ್ತದೆ, ಹಕ್ಕಳೆ ಮಾತ್ರ ಎಂದಿನಂತೆ ಕಳಚುತ್ತದೆ ಎಂಬುದು ತೊಟ್ಟಿಯ ಬಳಿ ನಿಂತವರ ಅನುಭವ. ವೇಲ್ಸಿನ ಕಾರ್ಖಾನೆಗಳಲ್ಲಿ ತವುಡಿಗೆ ಕೊರತೆಯಿರಲಿಲ್ಲ. ತವರ ಹಿಡಿದ ಹಾಳೆಗಳ ಮೇಲಿನ ತಾಳೆಯೆಣ್ಣೆಯ ಜಿಡ್ಡನ್ನು ತೆಗೆಯಲು ಹೆಣ್ಣಾಳುಗಳು ಅದನ್ನೇ ಬಳಸುತ್ತಿದ್ದರು. ಮೊದಲು ತವುಡನ್ನು ತೊಟ್ಟಿಗೆ ಹಾಕಿದ ಕೈ ಯಾರದೋ ಚರಿತ್ರೆ ಬರೆದಿಡಲಿಲ್ಲ. ಪೇಟೆಂಟಿನ ಪುಸ್ತಕದಲ್ಲಿ ಹೆಸರು ಬರೆಸಿದವರಿಂದಲೇ ಒಂದು ವಿದ್ಯೆಯ ಆರಂಭವನ್ನು ಎಣಿಸುವುದು ಚರಿತ್ರಕಾರರ ಹಳೆಯ ಅಭ್ಯಾಸ. ಈ ವಿಷಯದಲ್ಲಿ ಅದು ನಿಶ್ಚಯವಾಗಿಯೂ ತಪ್ಪು.

ಅನುಭವವು ವಿಜ್ಞಾನದ ಲಿಖಿತವಾದದ್ದು ಇಟಲಿಯಲ್ಲಿ. 1872ರಲ್ಲಿ ಮಾರಂಗೋನಿ ಮತ್ತು ಸ್ಟೆಫನೆಲ್ಲಿ ಎಂಬಿಬ್ಬರು ಸರೇಸು, ಜೆಲಟಿನ್, ತವುಡುಗಳ ಸತ್ವವು ಆಮ್ಲದಲ್ಲಿ ಕಬ್ಬಿಣ ಕರಗುವುದನ್ನು ತಡೆಯುತ್ತದೆಂದು ಅಲ್ಲಿಯ ರಸಾಯನ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಮಾರಂಗೋನಿಯೇ ದ್ರವಗಳ ಮೇಲ್ಮೈ ಎಳೆತದ ಅಧ್ಯಯನದಿಂದ ಭೌತಶಾಸ್ತ್ರದಲ್ಲಿ ಚಿರಪರಿಚಿತನಾದವನು. ಮೈಮೇಲಿನ ಪೊರೆಯ ಮಹಿಮೆಯನ್ನು ದ್ರವದಲ್ಲಿ ಕಂಡವನ ಕಣ್ಣು ಲೋಹದ ಮೈಯತ್ತ ಹೊರಳಿದ್ದು ಸ್ವಾಭಾವಿಕವೇ. ಪೇಟೆಂಟುಗಳು ಬಂದದ್ದು ಆಮೇಲೆ: 1895ರಲ್ಲಿ ಬ್ರಿಟನ್ನಿನಲ್ಲಿ ಬಾಲ್ಡ್‌ವಿನ್ ಎಂಬವರದು, ಕಾಕಂಬಿ ಮತ್ತು ಸಸ್ಯತೈಲಗಳಿಗೆ, 1900ರಲ್ಲಿ ಅಮೆರಿಕದಲ್ಲಿ ರಾಬಿನ್‌ಸನ್ ಮತ್ತು ಸದರ್ಲೆಂಡ್ ಎಂಬವರದು, ಪಿಷ್ಟಕ್ಕೆ.

ಇವುಗಳ ನಡುವೆ, 1875ರಲ್ಲಿ, ನಿರೋಧಕಗಳ ಮಾತನ್ನೇ ಎತ್ತದ ಒಂದು ಚಿಕ್ಕ ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯ ವರದಿಗಳಲ್ಲಿ ಅಚ್ಚಾಯಿತು. ಈ ಚರಿತ್ರೆಯಲ್ಲಿ ಅದಕ್ಕೆ ಪ್ರಧಾನ ಸ್ಥಾನ ಸಲ್ಲಬೇಕು. ಬರೆದವನು ವಿಲಿಯಂ ಜಾನ್‌ಸನ್. ಕಬ್ಬಿಣದ ತಂತಿಯ ತುಂಡನ್ನು ಕೆಲವು ನಿಮಿಷ ಆಮ್ಲದಲ್ಲಿಟ್ಟು ತೆಗೆದರೆ ಅದು ನೋಟಕ್ಕೆ ಹೆಚ್ಚೇನೂ ಕೆಟ್ಟಿರುವುದಿಲ್ಲ. ಬಗ್ಗಿಸಿದರೆ ಮಾತ್ರ ಲಟಕ್ಕನೆ ಮುರಿಯುತ್ತದೆ. ಮುರಿದ ತುದಿಯನ್ನು ಒದ್ದೆ ಮಾಡಿದರೆ ಒಳಗಿನಿಂದ ನೊರೆನೊರೆಯಾಗಿ ಗುಳ್ಳೆಗಳು ಏಳುತ್ತವೆ. ಕೆಲವು ದಿನ ಹಾಗೆಯೇ ಬಿಟ್ಟರೆ, ಅಥವಾ ಕಾಯಿಸಿದರೆ, ತಂತಿಗೆ ಮೊದಲಿನ ಗಟ್ಟಿತನ ಮರಳುತ್ತದೆ. ಜಾನ್‌ಸನ್ ಇದಕ್ಕೆ ಜಲಜನಕವೇ ಕಾರಣವೆಂದು ತೋರಿಸಿದನು. ಆಮ್ಲದಲ್ಲಿ ಹುಟ್ಟಿದ ಜಲಜನಕವೆಲ್ಲ ಗುಳ್ಳೆಯಾಗಿ ಹಾರಿಹೋಗದೆ ಒಂದು ಪಾಲು ಉಕ್ಕಿನ ಒಡಲೊಳಕ್ಕೆ ಇಳಿಯುತ್ತದೆ. ತಕ್ಕಡಿಗೆ ಕಾಣದ ಈ ಹಾನಿಯನ್ನು ಮುಂದಿನ ಐವತ್ತು ಅರುವತ್ತು ವರ್ಷಗಳ ನಿರೋಧಕ ಸಂಶೋಧಕರು ಬಹುಮಟ್ಟಿಗೆ ಮರೆತರು.

ಇನ್ನು ಕಥನ ತಗಡಿನ ಕಾರ್ಖಾನೆಯಿಂದ ಎಣ್ಣೆಯ ಬಾವಿಗೆ ಹೊರಳುತ್ತದೆ. ಅಮೆರಿಕದ ಓಹಾಯೋ ಸಂಸ್ಥಾನದ ಲೀಮಾ ಎಂಬಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಗೆ ಸೇರಿದ ಶುದ್ಧೀಕರಣ ಕೇಂದ್ರದಲ್ಲಿ ಹರ್ಮನ್ ಫ್ರಾಶ್ ಎಂಬ ಜರ್ಮನ್ ಮೂಲದ ರಸಾಯನಜ್ಞನಿದ್ದನು. ನೆಲದಾಳದಿಂದ ಗಂಧಕವನ್ನು ಬಿಸಿನೀರಿನಿಂದ ಕರಗಿಸಿ ತೆಗೆದ ಕೀರ್ತಿಯೂ ಇವನದೇ. ಆ ಸೀಮೆಯಲ್ಲಿ ಎಣ್ಣೆಯಿರುವುದು ಸುಣ್ಣಕಲ್ಲಿನ ರಂಧ್ರಗಳಲ್ಲಿ. ಹೈಡ್ರೋಕ್ಲೋರಿಕ್ ಆಮ್ಲವನ್ನು ಬಾವಿಗಿಳಿಸಿದರೆ ಕಲ್ಲು ಕರಗಿ ಎಣ್ಣೆಗೆ ದಾರಿಯಾದೀತೆಂದು ಅವನು ಯೋಚಿಸಿ 1896ರಲ್ಲಿ ಪೇಟೆಂಟು ಪಡೆದನು. ಯೋಚನೆ ಫಲಿಸಿತು. ಆದರೆ ಕಲ್ಲನ್ನು ಮುಟ್ಟುವ ಮುನ್ನ ಆಮ್ಲ ಉಕ್ಕಿನ ಕೊಳವೆಯೊಳಗೆ ಹಾಯಬೇಕಷ್ಟೆ! ಕಲ್ಲನ್ನು ತಿನ್ನುವ ಆಮ್ಲ ಕೊಳವೆಯನ್ನು ಬಿಟ್ಟೀತೆ? ಎನಾಮಲ್ ಅಥವಾ ರಬ್ಬರಿನ ಒಳಹೊದಿಕೆಯ ಕೊಳವೆಗಳನ್ನು ಬಳಸಬೇಕೆಂದೂ, ಕೆಲಸ ಮುಗಿದ ಬಳಿಕ ಉಳಿದ ಆಮ್ಲವನ್ನು ಕ್ಷಾರದಿಂದ ತಟಸ್ಥಗೊಳಿಸಬೇಕೆಂದೂ ಫ್ರಾಶ್ ಸೂಚಿಸಿದನು. ಇದು ದುಬಾರಿಯ ಮಾತು. ಒಂದು ಚೀಲ ತವುಡಿನ ವಿದ್ಯೆ ತಗಡಿನ ಕಾರ್ಖಾನೆಯಲ್ಲಿದ್ದರೂ ಎಣ್ಣೆಯ ಬಾವಿಯವರೆಗೆ ಅದು ನಡೆದುಬರಲಿಲ್ಲ. ಫ್ರಾಶನ ವಿಧಾನ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿ ಸುಮಾರು ಮೂವತ್ತು ವರ್ಷ ಅಲ್ಲಿಯೇ ಉಳಿಯಿತು.

1932ರ ಫೆಬ್ರವರಿ 11ರಂದು ಮಿಶಿಗನ್ ಸಂಸ್ಥಾನದಲ್ಲಿ, ಪ್ಯೂರ್ ಆಯಿಲ್ ಕಂಪನಿಯ ಒಂದು ಸತ್ತ ಬಾವಿಗೆ ಡೌ ರಸಾಯನ ಕಂಪನಿಯವರು 500 ಗ್ಯಾಲನ್ ಹೈಡ್ರೋಕ್ಲೋರಿಕ್ ಆಮ್ಲವನ್ನು ತೋಟಕ್ಕೆ ನೀರು ಬಿಡುವ ಕೊಳವೆಯ ಮೂಲಕ ಇಳಿಸಿದರು. ಅದರಲ್ಲಿ ಉಕ್ಕಿನ ರಕ್ಷಣೆಗಾಗಿ ಎರಡು ಗ್ಯಾಲನ್ ಆರ್ಸೆನಿಕ್ ಆಮ್ಲವನ್ನು ಬೆರೆಸಿದ್ದರು. ಸತ್ತ ಬಾವಿ ದಿನಕ್ಕೆ 16 ಪೀಪಾಯಿ ಎಣ್ಣೆ ಕೊಡತೊಡಗಿತು. ಅದೇ ವರ್ಷದ ನವೆಂಬರಿನಲ್ಲಿ ಈ ಕೆಲಸಕ್ಕೆಂದೇ ಡೋವೆಲ್ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟಿತೆಂದರೆ ಅದರ ಫಲವನ್ನು ಊಹಿಸಬಹುದು. ಫ್ರಾಶನ ಆಮ್ಲಕ್ಕೂ ಈ ಆಮ್ಲಕ್ಕೂ ಇದ್ದ ಮುಖ್ಯ ಅಂತರ ಆ ಎರಡು ಗ್ಯಾಲನ್ನುಗಳೇ.

ಆದರೆ ಆರ್ಸೆನಿಕ್ ಎಂದರೆ ಪಾಷಾಣ. ಆಮ್ಲದಲ್ಲಿ ಕಬ್ಬಿಣ ಕರಗಿ ಜಲಜನಕ ಹುಟ್ಟುವೆಡೆಯಲ್ಲಿ ಆರ್ಸೆನಿಕ್ ಇದ್ದರೆ ಆರ್ಸೀನ್ ಎಂಬ ಅನಿಲ ಹುಟ್ಟುವ ಭಯವಿದೆ. ಅದು ರಕ್ತದ ಕೆಂಪುಕಣಗಳನ್ನು ಒಡೆದು ಕೊಲ್ಲುವ ವಿಷ. ಗೇಲನ್ ಎಂಬ ಜರ್ಮನ್ ರಸಾಯನಜ್ಞನು 1815ರಲ್ಲಿಯೇ ಮ್ಯೂನಿಕ್ ನಗರದಲ್ಲಿ ತನ್ನ ಪ್ರಯೋಗದ ನಡುವೆ ಅದಕ್ಕೆ ಬಲಿಯಾಗಿದ್ದನು. ಈ ಪೂರ್ವವೃತ್ತಾಂತ ಎಲ್ಲರಿಗೂ ತಿಳಿದಿದ್ದರೂ ಅಗ್ಗವೂ ಸಮರ್ಥವೂ ಆದ ಪಾಷಾಣವನ್ನು ಬಾವಿಗಳಲ್ಲಿ ವರ್ಷಗಟ್ಟಲೆ ಬಳಸಿದರು. ಕಡೆಗೆ ಅದನ್ನು ಕೈಬಿಡುವಾಗ ಮನುಷ್ಯರ ಪ್ರಾಣದಷ್ಟೇ ತೂಕ ಪಡೆದ ಇನ್ನೊಂದು ಕಾರಣವೂ ಇತ್ತು: ಎಣ್ಣೆಯಲ್ಲಿ ಉಳಿದ ಆರ್ಸೆನಿಕ್ ಶುದ್ಧೀಕರಣ ಕೇಂದ್ರಗಳ ಬೆಲೆಬಾಳುವ ವೇಗವರ್ಧಕಗಳನ್ನು ಕೆಡಿಸುತ್ತಿತ್ತು. ಇವೆರಡರಲ್ಲಿ ಯಾವುದು ಹೆಚ್ಚು ಬೇಗ ಕಿವಿಗೆ ಬಿದ್ದಿತೆಂಬುದನ್ನು ವಾಚಕರೇ ಊಹಿಸಲಿ.

ಪಾಷಾಣದ ಸ್ಥಾನವನ್ನು ತುಂಬಲು ಬಂದವು ಇಂಗಾಲದ, ಅಂದರೆ ಸಾವಯವ, ಸಂಯುಕ್ತಗಳು. ಇವುಗಳ ಅಧ್ಯಯನ ಆ ವೇಳೆಗಾಗಲೇ ಆರಂಭವಾಗಿತ್ತು. ಕಲ್ಲಿದ್ದಲಿನ ಡಾಂಬರಿನಿಂದ ರುಂಗೆ 1834ರಲ್ಲಿ ಬೇರ್ಪಡಿಸಿದ ಕ್ವಿನೊಲೀನ್, ಅದರ ಬಂಧುವಾದ ಪಿರಿಡೀನ್ ಮುಂತಾದ ಸಾರಜನಕಯುಕ್ತ ಪದಾರ್ಥಗಳು ಬಣ್ಣದ ಉದ್ಯಮದ ದೆಸೆಯಿಂದ ಹೇರಳವಾಗಿ ದೊರೆಯುತ್ತಿದ್ದವು. 1923ರಲ್ಲಿ ಜರ್ಮನಿಯ ಸೀವರ್ಟ್ಸ್ ಮತ್ತು ಲ್ಯೂಗ್ ಎಂಬವರು ಸಸ್ಯಗಳ ಆಲ್ಕಲಾಯಿಡುಗಳು ಆಮ್ಲದಲ್ಲಿ ಲೋಹ ಕರಗುವುದನ್ನು ಹೇಗೆ ತಡೆಯುತ್ತವೆಂದು ಅಳೆದರು. ಅದೇ ದಶಕದಲ್ಲಿ ಅಮೆರಿಕದಲ್ಲಿ ರೋಡೀನ್ ಎಂಬ ವ್ಯಾಪಾರದ ಹೆಸರಿನ ನಿರೋಧಕ ಪ್ರಚಾರಕ್ಕೆ ಬಂತು. ಥಯೋಯೂರಿಯದ ವರ್ಗದ ಗಂಧಕಯುಕ್ತ ಸಂಯುಕ್ತಗಳಿಗೆ ಇದರಿಂದ ಹೆಸರಾಯಿತು. ರಷ್ಯದಲ್ಲಿ ಬಲೇಜಿನ್ ಎಂಬ ವಿದ್ವಾಂಸನು ಅನಿಲೀನ್ ಮತ್ತು ಯೂರೊಟ್ರೋಪಿನ್‌ಗಳನ್ನು ಕೂಡಿಸಿ ಮಾಡಿದ ನಿರೋಧಕದ ನೆರವಿನಿಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ಉಕ್ಕಿನ ತೊಟ್ಟಿಗಳಲ್ಲಿಯೇ ಸಾಗಿಸುವುದು ಸಾಧ್ಯವಾಯಿತು.

ತೊಟ್ಟಿಗೆ ಬೆರೆಸುವುದು ಶೇಕಡ ಒಂದಕ್ಕಿಂತಲೂ ಎಷ್ಟೋ ಕಡಮೆ. ಇಷ್ಟು ಅಲ್ಪವಾದ ವಸ್ತು ಇಷ್ಟು ಆಮ್ಲವನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ? ಆಮ್ಲವನ್ನು ಅದು ಹಿಡಿಯುವುದೇ ಇಲ್ಲ, ಲೋಹದ ಮೈಯನ್ನು ಹಿಡಿಯುತ್ತದೆ ಎಂಬುದು ಉತ್ತರ. ಆಮ್ಲದಲ್ಲಿ ನಿಂತ ಉಕ್ಕಿನ ಮೈಮೇಲೆ ಎರಡು ಕ್ರಿಯೆಗಳು ಜೊತೆಯಾಗಿ ನಡೆಯುತ್ತವೆ: ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟು ಕರಗುವುದು, ಆ ಎಲೆಕ್ಟ್ರಾನುಗಳನ್ನು ಪಡೆದು ಆಮ್ಲದ ಜಲಜನಕ ಬಿಡುಗಡೆಯಾಗುವುದು. ಒಂದನ್ನು ತಡೆದರೆ ಇನ್ನೊಂದೂ ನಿಲ್ಲಬೇಕು. ಚಾಪೆಲ್, ರೋಥೆಲಿ, ಮೆಕಾರ್ಥಿ ಎಂಬ ಮೂವರು ಕ್ವಿನೊಲೀನಿನ ಲವಣವೊಂದನ್ನು ಪರೀಕ್ಷಿಸಿ, ಅದು ಜಲಜನಕ ಹೊಮ್ಮುವ ಕ್ಯಾಥೋಡ್ ಭಾಗವನ್ನೇ ತಡೆಯುತ್ತದೆಂದು 1928ರಲ್ಲಿ ತೋರಿಸಿದರು. 1936ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಮಾನ್ ಮತ್ತು ಸಂಗಡಿಗರು ಅಮೀನುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅಮೀನಿನ ಅಣು ಆಮ್ಲದಲ್ಲಿ ಧನವಿದ್ಯುತ್ತನ್ನು ಪಡೆದು ಸಾರಜನಕದ ತುದಿಯನ್ನು ಲೋಹಕ್ಕೆ ತಗುಲಿಸಿ, ಇಂಗಾಲದ ಬಾಲವನ್ನು ಹೊರಚಾಚಿ ನಿಲ್ಲುತ್ತದೆಂಬುದು ಅವರ ಕಲ್ಪನೆ. ಮಳೆಯಲ್ಲಿ ಕೊಡೆ ಹಿಡಿದು ಒತ್ತೊತ್ತಾಗಿ ನಿಂತ ಜನರ ಸಾಲನ್ನು ಇದಕ್ಕೆ ಹೋಲಿಸಬಹುದು. ಈ ಕೊಡೆ ಹಕ್ಕಳೆಯ ಮೇಲೆ ಅಷ್ಟಾಗಿ ನಿಲ್ಲುವುದಿಲ್ಲ, ಬತ್ತಲೆಯಾದ ಲೋಹದ ಮೇಲೆ ನಿಲ್ಲುತ್ತದೆ. ತವುಡು ಹಾಕಿದರೆ ಹಕ್ಕಳೆ ಕಳಚಿ ಉಕ್ಕು ಉಳಿಯುವುದರ ಗುಟ್ಟು ಹೀಗೆ ಬಯಲಾಯಿತು.

ಕ್ಯಾಥೋಡ್ ಒಂದರ ಮಾತಿನಿಂದಲೇ ಎಲ್ಲವನ್ನೂ ವಿವರಿಸುವುದು ಸಾಲದೆಂದು ಮುಂದೆ ಕಂಡುಬಂತು. 1953ರಲ್ಲಿ ಇಂಗ್ಲೆಂಡಿನ ಹೋರ್ ಮತ್ತು ಹಾಲಿಡೇ, 1954ರಲ್ಲಿ ಅಮೆರಿಕದ ಹ್ಯಾಕರ್‌ಮನ್ ಮತ್ತು ಮಕ್ರಿಡೀಸ್ ಪ್ರಕಟಿಸಿದ ಕೆಲಸದಿಂದ, ಸಾರಜನಕ ಮತ್ತು ಗಂಧಕದ ಪರಮಾಣುಗಳು ತಮ್ಮ ಬಿಡಿ ಎಲೆಕ್ಟ್ರಾನು ಜೋಡಿಯನ್ನು ಕಬ್ಬಿಣದೊಡನೆ ಹಂಚಿಕೊಂಡು ಲೋಹದ ಮೈಗೆ ನಿಜವಾದ ರಾಸಾಯನಿಕ ಬಂಧದಿಂದ ಅಂಟಿಕೊಳ್ಳಬಲ್ಲವೆಂಬ ವಿಚಾರ ಬಲಗೊಂಡಿತು. ಇಷ್ಟಾದರೂ ಒಂದು ಒಗಟು ಉಳಿಯಿತು. ಒಂದೇ ಅಮೀನು ಗಂಧಕಾಮ್ಲದಲ್ಲಿ ಸೋತು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗೆಲ್ಲುವುದೇಕೆ? ಇದಕ್ಕೆ ಒಪ್ಪುವ ಉತ್ತರಗಳಲ್ಲಿ ಮುಖ್ಯವಾದುದನ್ನು ಕೊಟ್ಟ ರಷ್ಯದ ಆಂಟ್ರೋಪೋವನ ಗ್ರಂಥ, ಲೋಹಗಳ ಶೂನ್ಯಬಿಂದುಗಳನ್ನು ಕುರಿತದ್ದು, 1960ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದದ್ದು ಹೊಸದಿಲ್ಲಿಯಲ್ಲಿ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯಿಂದ. ಲೋಹದ ಮೈ ಆಮ್ಲದಲ್ಲಿ ತಾನೇ ಧನವಿದ್ಯುತ್ತುಳ್ಳದ್ದಾಗಿದ್ದರೆ ಧನ ಅಯಾನಿಗೆ ಅಲ್ಲಿ ಎಡೆಯಿಲ್ಲ. ಆದರೆ ಕ್ಲೋರೈಡಿನ ಋಣ ಅಯಾನುಗಳು ಮುಂಚಿತವಾಗಿ ಬಂದು ಕುಳಿತರೆ ಅವುಗಳ ಮೇಲೆ ಅಮೀನು ಬಂದು ನೆಲೆಗೊಳ್ಳುತ್ತದೆ. ಅಯೋಡೈಡಿನ ಒಂದು ಚಿಟಿಕೆ ಗಂಧಕಾಮ್ಲದಲ್ಲಿಯೂ ಇದೇ ಉಪಕಾರವನ್ನು ಮಾಡುತ್ತದೆ. ಈ ಕಾಲಕ್ಕೆ ಭಾರತದಲ್ಲಿಯೂ ಈ ವಿದ್ಯೆಗೆ ಒಂದು ಮನೆಯಾಗಿತ್ತು: ತಮಿಳುನಾಡಿನ ಕಾರೈಕುಡಿಯ ಕೇಂದ್ರ ವಿದ್ಯುದ್ರಸಾಯನ ಸಂಶೋಧನಾಲಯಕ್ಕೆ 1948ರಲ್ಲಿ ಅಡಿಗಲ್ಲು ಬಿದ್ದು, 1953ರ ಜನವರಿಯಲ್ಲಿ ಅದರ ಪ್ರಾರಂಭೋತ್ಸವ ನೆರವೇರಿತ್ತು.

ಇಷ್ಟರ ನಡುವೆ ಜಾನ್‌ಸನ್ನನ ತಂತಿ ಮತ್ತೆ ಎದುರಿಗೆ ಬಂತು. ಜಲಜನಕದ ಪರಮಾಣುಗಳು ಲೋಹದ ಮೈಮೇಲೆ ಎರಡೆರಡಾಗಿ ಕೂಡಿ ಗುಳ್ಳೆಯಾಗಬೇಕು. ಆರ್ಸೆನಿಕ್ ಮತ್ತು ಗಂಧಕದ ಕೆಲವು ಸಂಯುಕ್ತಗಳು ಈ ಕೂಡುವಿಕೆಯನ್ನೇ ತಡೆಯುತ್ತವೆ. ಗುಳ್ಳೆ ಕಡಮೆಯಾಯಿತು, ಕರಗುವ ಕಬ್ಬಿಣವೂ ಕಡಮೆಯಾಯಿತು, ನೋಡಿದವನಿಗೆ ಸಂತೋಷವೇ. ಆದರೆ ಒಂಟಿಯಾಗಿ ಉಳಿದ ಜಲಜನಕ ಉಕ್ಕಿನೊಳಕ್ಕೆ ಮೊದಲಿಗಿಂತ ಹೆಚ್ಚಾಗಿ ಇಳಿಯುತ್ತದೆ. ಥಯೋಯೂರಿಯದ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಆಮ್ಲದಲ್ಲಿ ಅದು ಒಡೆದು ಹುಟ್ಟುವ ಗಂಧಕದ ಜಲಜನಕವೂ ಈ ಕೇಡಿಗೆ ಸಹಾಯಕ. ತೂಕದ ಲೆಕ್ಕದಲ್ಲಿ ಶೇಕಡ ತೊಂಬತ್ತರ ರಕ್ಷಣೆ ಪಡೆದ ಸ್ಪ್ರಿಂಗು ಕೈಯಲ್ಲಿ ಮುರಿಯುವುದೆಂದರೆ, ಆ ತೊಂಬತ್ತಕ್ಕೆ ಏನು ಬೆಲೆ? ಎತ್ತುವ ಯಂತ್ರಗಳ ಹಗ್ಗದ ತಂತಿ, ಬಲವಾದ ಬೋಲ್ಟು ಮುಂತಾದುವುಗಳ ವಿಷಯದಲ್ಲಿ ಇದು ಮನುಷ್ಯರ ಪ್ರಾಣದ ಪ್ರಶ್ನೆ. ನಿರೋಧಕದ ಯೋಗ್ಯತೆಯನ್ನು ತಕ್ಕಡಿಯೊಂದರಿಂದಲೇ ತೀರ್ಮಾನಿಸಿದ ಪ್ರಬಂಧವನ್ನು ಅರ್ಧ ಪ್ರಬಂಧವೆಂದೇ ಎಣಿಸಬೇಕು.

ಎಣ್ಣೆಯ ಬಾವಿಗಳು ಆಳವಾದಂತೆ ತಾಪವೂ ಏರಿತು. ನೀರು ಕುದಿಯುವ ಬಿಸಿಯಲ್ಲಿ ಸಾಮಾನ್ಯ ಅಮೀನುಗಳು ನಿಲ್ಲಲಾರವು. ಅಲ್ಲಿಗೆ ಬಂದದ್ದು ಪ್ರೊಪಾರ್ಜಿಲ್ ಆಲ್ಕೊಹಾಲ್ ಮೊದಲಾದ ಅಸಿಟಲೀನ್ ವರ್ಗ. ಇವು ಲೋಹದ ಮೇಲೆ ಒಂದಕ್ಕೊಂದು ಹೆಣೆದುಕೊಂಡು ಪೊರೆಯಾಗುತ್ತವೆಂಬುದಕ್ಕೆ ಪೋಲಿಂಗ್ ಎಂಬಾತನು 1967ರಲ್ಲಿ ಅವಕೆಂಪು ಕಿರಣಗಳ ಸಾಕ್ಷ್ಯವನ್ನು ಒದಗಿಸಿದನು. ಸಾಮರ್ಥ್ಯದಲ್ಲಿ ಇವಕ್ಕೆ ಸಾಟಿ ಕಡಮೆ. ಆದರೆ ಪ್ರೊಪಾರ್ಜಿಲ್ ಆಲ್ಕೊಹಾಲ್ ಚರ್ಮದ ಮೂಲಕವೂ ಮೈಗಿಳಿಯುವ ವಿಷ. ಪಾಷಾಣವನ್ನು ಹೊರಗೆ ಕಳುಹಿಸಿದ ಬಾಗಿಲಿನಿಂದ ಇನ್ನೊಂದು ವಿಷ ಒಳಗೆ ಬಂದಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಆದುದರಿಂದ ಸಂಶೋಧಕರ ಮನಸ್ಸು ಮರಳಿ ಗಿಡಮರಗಳ ಕಡೆ ಹೊರಳಿದ್ದು ಆಶ್ಚರ್ಯವಲ್ಲ. 1972ರಲ್ಲಿ ಈಜಿಪ್ಟಿನ ಎಲ್ ಹೊಸಾರಿ ಮತ್ತು ಸಂಗಡಿಗರು ಅಲ್ಲಿ ಕರ್ಕದೆ ಎಂದು ಕುದಿಸಿ ಕುಡಿಯುವ ಕೆಂಪುಹೂವಿನ ಗಿಡದ ರಸದಿಂದ ಅಲ್ಯೂಮಿನಿಯಂ ಮತ್ತು ಸತುವುಗಳ ಕರಗುವಿಕೆಯ ಮೇಲಾಗುವ ಪರಿಣಾಮವನ್ನು ವರದಿ ಮಾಡಿದರು. ಉತ್ತರ ಕರ್ನಾಟಕದ ಅಡಿಗೆಮನೆಗೆ ಈ ಗಿಡ ಹೊಸದಲ್ಲ. ರೊಟ್ಟಿಯ ಜೊತೆಗೆ ಬರುವ ಪುಂಡಿಪಲ್ಯ ಇದರದೇ. ಅದೇ ದೇಶದವರು 1982ರಲ್ಲಿ ಉಕ್ಕೂ ಸೇರಿದಂತೆ ನಾಲ್ಕು ಲೋಹಗಳನ್ನು ಆಮ್ಲದಲ್ಲಿಟ್ಟು ಲೋಳೆಸರ, ಪಾಪಾಸುಕಳ್ಳಿಗಳ ರಸ, ಕಿತ್ತಳೆ, ಮಾವು, ದಾಳಿಂಬೆಗಳ ಸಿಪ್ಪೆಯ ಸತ್ವ ಇವನ್ನು ಪರೀಕ್ಷಿಸಿದರು. ಭಾರತದಲ್ಲಿ ಸಾನ್ಯಾಲ್ ಎಂಬವರು ಬರೆದು 1981ರಲ್ಲಿ ಪ್ರಕಟವಾದ ದೀರ್ಘ ಸಮೀಕ್ಷೆ ಸಾವಯವ ನಿರೋಧಕಗಳ ಶತಮಾನದ ಕೆಲಸವನ್ನು ಒಂದೆಡೆ ತಂದಿತು. ಅಲ್ಲಿಂದೀಚೆಗೆ ಬೇವು, ಗೋರಂಟಿ, ಕರಿಬೇವು ಎಂದು ಎಲೆಯೊಂದರ ಹಿಂದೆ ಒಂದರಂತೆ ಪ್ರಬಂಧಗಳು ಬರುತ್ತಲೇ ಇವೆ. ಕನ್ನಡನಾಡಿನ ಕಾಲೇಜುಗಳ ಪ್ರಯೋಗಾಲಯಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ.

ಈ ಉತ್ಸಾಹವನ್ನು ಮೆಚ್ಚುತ್ತಲೇ ಒಂದೆರಡು ಮಾತುಗಳನ್ನು ಹೇಳಬೇಕಾಗಿದೆ. ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿಯೆಂಬುದು ಭ್ರಮೆ. ಸೀವರ್ಟ್ಸ್ ಅಳೆದ ಆಲ್ಕಲಾಯಿಡುಗಳ ಪಂಗಡದಲ್ಲಿ ಘೋರ ವಿಷಗಳೂ ಸೇರಿವೆ. ಎಲೆಯ ಕಷಾಯ ಕೆಲವು ದಿನಗಳಲ್ಲಿ ಕೊಳೆಯುತ್ತದೆ. ಊರಿನಿಂದ ಊರಿಗೆ, ಋತುವಿನಿಂದ ಋತುವಿಗೆ ಅದರ ಸತ್ವ ಬದಲಾಗುತ್ತದೆ. ಕಾರ್ಖಾನೆಯ ಗಂಧಕಾಮ್ಲದ ತೊಟ್ಟಿ ಸಾಮಾನ್ಯವಾಗಿ 60ರಿಂದ 90 ಡಿಗ್ರಿ ಸೆಂಟಿಗ್ರೇಡಿನ ಬಿಸಿಯಲ್ಲಿ, ಕರಗಿದ ಕಬ್ಬಿಣದ ಲವಣದಿಂದ ತುಂಬಿಕೊಂಡು ದಿನಗಟ್ಟಲೆ ಕೆಲಸ ಮಾಡುತ್ತದೆ; ಗಾಜಿನ ಲೋಟದ ಶುದ್ಧ ಆಮ್ಲದಲ್ಲಿ, ಕೋಣೆಯ ತಾಪದಲ್ಲಿ, ಕೆಲವು ಗಂಟೆ ನಿಂತ ಉಕ್ಕಿನ ತುಂಡಿನಿಂದ ಅದರ ನಡತೆಯನ್ನು ಊಹಿಸುವುದು ಕಷ್ಟ. ಹಳೆಯ ತವುಡಿನ ದೋಷಗಳೂ ಇವೇ ಆಗಿದ್ದವು: ಬಿಸಿ ಆಮ್ಲದಲ್ಲಿ ಅದು ಒಡೆದು ನಾರುತ್ತಿತ್ತು, ಹಾಳೆಗೆ ಮೆತ್ತಿಕೊಳ್ಳುತ್ತಿತ್ತು, ಮೆತ್ತಿದಲ್ಲಿ ತವರ ಹಿಡಿಯುತ್ತಿರಲಿಲ್ಲ. ಡಾಂಬರಿನ ಕ್ವಿನೊಲೀನ್ ತವುಡನ್ನು ತೊಟ್ಟಿಯಿಂದ ಓಡಿಸಿದ್ದು ಈ ಕಾರಣಗಳಿಂದಲೇ. ಇನ್ನು ಜಲಜನಕ ಉಕ್ಕಿನೊಳಕ್ಕೆ ಎಷ್ಟು ಇಳಿಯಿತೆಂಬ ಪರೀಕ್ಷೆ ಎಲೆಯ ರಸದ ಪ್ರಬಂಧಗಳಲ್ಲಿ ಇಂದಿಗೂ ವಿರಳ. 1875ರಲ್ಲಿ ಅದಕ್ಕೆ ಬೇಕಾಗಿದ್ದದ್ದು ಒಂದು ಮೊಳ ತಂತಿ ಮತ್ತು ಅದನ್ನು ಬಗ್ಗಿಸಲು ಎರಡು ಕೈ.